ಗದರದ ರಾಣಿಯ ವಾಸನೆ

ಮಕ್ಕಳೇ, ನಮ್ಮ ಮಂಗಳೂರಿನಲ್ಲಿ ಕಣ್ಣು ಮುಚ್ಚಿಕೊಂಡು ನಡೆದರೂ ಎಲ್ಲಿದ್ದೇವೆಂದು ಗೊತ್ತಾಗುತ್ತದೆ. ಮೀನಿನ ವಾಸನೆ ಬಂದರೆ ಬಂದರು, ಮಲ್ಲಿಗೆಯ ಪರಿಮಳ ಬಂದರೆ ಹೂವಿನ ಅಂಗಡಿ. ನಮ್ಮ ಮೂಗಿನ ಕೆಲಸ ಹೆಚ್ಚುಕಡಿಮೆ ಅಷ್ಟಕ್ಕೇ ಮುಗಿಯಿತು. ಹುಳಗಳಿಗೆ ಹಾಗಲ್ಲ, ಅವಕ್ಕೆ ವಾಸನೆಯೇ ಮಾತು, ವಾಸನೆಯೇ ಆಜ್ಞೆ.

ರೇಷ್ಮೆ ಚಿಟ್ಟೆಯನ್ನೇ ನೋಡಿ. ಹೆಣ್ಣು ಕುಳಿತಲ್ಲೇ ವಾಸನೆ ಬಿಡುತ್ತದೆ, ಗಂಡು ರೆಕ್ಕೆ ಬಡಿಯುತ್ತ ಹುಡುಕಿಕೊಂಡು ಬರುತ್ತದೆ. ಆ ವಾಸನೆ ಎಂಥದೆಂದು ಪತ್ತೆ ಮಾಡಲು ಜರ್ಮನಿಯ ಬುಟೆನಾಂಟ್ ಎಂಬ ವಿಜ್ಞಾನಿಗೆ ಸುಮಾರು 20 ವರ್ಷ ಹಿಡಿಯಿತು, ಸುಮಾರು 5 ಲಕ್ಷ ಚಿಟ್ಟೆಗಳು ಬೇಕಾದವು. ಉತ್ತರ ಸಿಕ್ಕಿದ್ದು 1959ರಲ್ಲಿ. ಇಂಥ ವಾಸನೆಗಳಿಗೆ ‘ಫೆರೋಮೋನ್’ ಎಂಬ ಹೆಸರು ಬಂದದ್ದೂ ಅದೇ ವರ್ಷ.

ಈಗ ಬೆಂಗಳೂರಿಗೆ ಬನ್ನಿ. ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಎಂಬ ವಿಜ್ಞಾನಿ ದಶಕಗಳ ಕಾಲ ಒಂದು ಕಣಜದ ಹಿಂದೆ ಬಿದ್ದರು. ಹೆಸರು ರೊಪಾಲಿಡಿಯಾ ಮಾರ್ಜಿನೇಟಾ. ಕಾಗದದಂಥ ಗೂಡನ್ನು ಮಾಡಿನ ಅಂಚಿನಲ್ಲೋ ಕಿಟಕಿಯಲ್ಲೋ ಕಟ್ಟುವ ಹುಳ. ಒಂದೊಂದರ ಮೈಮೇಲೂ ಬಣ್ಣದ ಚುಕ್ಕೆ ಇಟ್ಟು, ಯಾರು ಏನು ಮಾಡುತ್ತಾರೆಂದು ಅವರು ಮತ್ತು ಅವರ ಶಿಷ್ಯರು ಗಂಟೆಗಟ್ಟಲೆ ಬರೆದುಕೊಂಡರು. 2001ರಲ್ಲಿ ಈ ಒಂದೇ ಕಣಜದ ಮೇಲೆ ಅವರ ದೊಡ್ಡ ಪುಸ್ತಕ ಬಂತು.

ಗೂಡಿನಲ್ಲಿ ಮೊಟ್ಟೆ ಇಡುವುದು ಒಬ್ಬಳೇ ರಾಣಿ. ಉಳಿದ ಹೆಣ್ಣುಗಳಿಗೂ ಮೊಟ್ಟೆ ಇಡುವ ಶಕ್ತಿ ಇದೆ, ಆದರೂ ಇಡುವುದಿಲ್ಲ. ಹಾಗಾದರೆ ರಾಣಿ ಬಲು ಜೋರಿರಬೇಕು ಅಂದುಕೊಂಡಿರಾ? ಇದರ ಹತ್ತಿರದ ಸಂಬಂಧಿ ಜಾತಿಯೊಂದರಲ್ಲಿ ರಾಣಿ ಗದರಿಸಿಯೇ ಆಳುತ್ತಾಳೆ. ಇವಳು ಮಾತ್ರ ಪರಮ ಸಾಧು, ಯಾರ ತಂಟೆಗೂ ಹೋಗುವವಳಲ್ಲ. ಆದರೆ ಅವಳನ್ನು ಗೂಡಿನಿಂದ ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಒಬ್ಬಳು ಕೆಲಸಗಾರ್ತಿ ಎಲ್ಲರ ಮೇಲೆ ಹರಿಹಾಯತೊಡಗುತ್ತಾಳೆ. ರಾಣಿಯನ್ನು ವಾಪಸ್ ಬಿಟ್ಟರೆ ಅವಳು ತೆಪ್ಪಗಾಗುತ್ತಾಳೆ. ಬಿಡದಿದ್ದರೆ ಸುಮಾರು ಒಂದು ವಾರದಲ್ಲಿ ತಾನೇ ಮೊಟ್ಟೆ ಇಟ್ಟು ರಾಣಿಯಾಗುತ್ತಾಳೆ. ಆಮೇಲೆ ಅವಳೂ ಸಾಧು!

ರಾಣಿ ಇದ್ದಾಳೆಂದು ಉಳಿದವರಿಗೆ ತಿಳಿಯುವುದು ಹೇಗೆ? ವಿಜ್ಞಾನಿಗಳು ಗೂಡನ್ನು ಎರಡು ಹೋಳು ಮಾಡಿ ನಡುವೆ ತಂತಿಯ ಬಲೆ ಇಟ್ಟರು. ಗಾಳಿಯಲ್ಲಿ ವಾಸನೆ ದಾಟಬಹುದು, ಹುಳ ದಾಟುವಂತಿಲ್ಲ. ರಾಣಿ ಇಲ್ಲದ ಹೋಳಿನಲ್ಲಿ ಕೂಡಲೇ ಹೊಸ ಜೋರುಗಾತಿ ಎದ್ದಳು. ಅಂದರೆ ಆ ವಾಸನೆ ಗಾಳಿಯಲ್ಲಿ ಬರುವಂಥದಲ್ಲ. ರಾಣಿ ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜುತ್ತ ಓಡಾಡುತ್ತಾಳೆ, ಗುರುತು ಇರುವುದು ಅಲ್ಲಿ. ಕೊಂಡಿಯ ಬಳಿಯ ಡುಫೋರ್ ಗ್ರಂಥಿಯನ್ನು ಅರೆದು ಗೂಡಿಗೆ ಹಚ್ಚಿದಾಗ, ರಾಣಿ ಇಲ್ಲದಿದ್ದರೂ ಜೋರುಗಾತಿಯ ಅಬ್ಬರ ಇಳಿಯಿತು. ಇದು 2010ರಲ್ಲಿ ಪ್ರಕಟವಾಯಿತು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಮ್ಯಾನೇಜರ್ ವರ್ಗವಾದರೆ ಮುಂದೆ ಯಾರೆಂದು ನೋಡಲು ನಮಗೆ ಸೀನಿಯಾರಿಟಿ ಪಟ್ಟಿ ಇತ್ತು, ಆದರೂ ಜಗಳ ತಪ್ಪುತ್ತಿರಲಿಲ್ಲ. ಕಣಜಗಳಲ್ಲಿ ಮುಂದಿನ ರಾಣಿ ಯಾರೆಂದು ನೋಡುವ ಮನುಷ್ಯರಿಗೆ ಮೊದಲೇ ಗೊತ್ತಾಗದು, ಹುಳಗಳಿಗೆ ಗೊತ್ತು. ಉತ್ತರಾಧಿಕಾರಿ ಎದ್ದು ನಿಂತರೆ ಬೇರೆ ಯಾರೂ ಪೈಪೋಟಿಗೆ ಇಳಿಯುವುದಿಲ್ಲ. ಇದನ್ನು ತೋರಿಸಿದವರಲ್ಲಿ ಗದಗ್‌ಕರ್ ಅವರ ಶಿಷ್ಯೆ ಅನಿಂದಿತಾ ಭದ್ರ ಒಬ್ಬರು. ಈಗ ಅವರು ಬೀದಿನಾಯಿಗಳ ನಡವಳಿಕೆಯನ್ನು ಅಧ್ಯಯನ ಮಾಡುತ್ತಾರೆ.

ಅಜ್ಜಂದಿರೇ, ಅಜ್ಜಿಯರೇ, ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಮಾಡಿನಲ್ಲಿ ಗೂಡು ಕಂಡ ಕೂಡಲೇ ಸಂಜೆಗೆ ಸೂಟೆ ಹಿಡಿಯುವುದು ನಮ್ಮ ಕಡೆಯ ರೂಢಿ. ಬಾಗಿಲ ಬಳಿಯೋ ಮಕ್ಕಳು ಆಡುವಲ್ಲೋ ಇದ್ದರೆ ತೆಗೆಸಲೇಬೇಕು. ಕೆಲವರ ಮೈಗೆ ಕಣಜದ ವಿಷ ಆಗಿಬರುವುದಿಲ್ಲ, ಪ್ರಾಣಕ್ಕೇ ಅಪಾಯ. ಆದರೆ ತೋಟದ ಮೂಲೆಯಲ್ಲಿ ಯಾರಿಗೂ ತೊಂದರೆ ಇಲ್ಲದ ಗೂಡಿಗೆ ಬೆಂಕಿ ಯಾಕೆ? ಮರಿಗಳಿಗಾಗಿ ಅವು ಹಿಡಿದು ತರುವುದರಲ್ಲಿ ಎಲೆ ತಿನ್ನುವ ಕಂಬಳಿಹುಳಗಳೂ ಇರುತ್ತವೆ.

ಮಕ್ಕಳೇ, ಅಂಥ ಗೂಡು ಕಂಡರೆ ಕಲ್ಲು ಹೊಡೆಯಬೇಡಿ, ಕೋಲು ಹಾಕಬೇಡಿ. ದೊಡ್ಡವರ ಜೊತೆ ದೂರದಲ್ಲಿ ನಿಂತು ಹತ್ತು ನಿಮಿಷ ನೋಡಿ. ಯಾರು ಹೊರಗೆ ಹೋಗಿ ಬರುತ್ತಾರೆ, ಯಾರು ಸುಮ್ಮನೆ ಕೂತಿರುತ್ತಾರೆ ಎಂದು ಪುಸ್ತಕದಲ್ಲಿ ಬರೆದಿಡಿ. ಆ ಸುಮ್ಮನೆ ಕೂತವಳೇ ರಾಣಿ ಇದ್ದರೂ ಇರಬಹುದು.