ಕಂಪೆನಿಯ ತಕ್ಕಡಿಯಲ್ಲಿ ನಮ್ಮ ಮಕ್ಕಳು

ಮಗನಿಗೋ ಮಗಳಿಗೋ ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ಕೆಲಸ ದೊರೆತರೆ ನಮ್ಮ ಊರುಗಳಲ್ಲಿ ಅದು ಇಡೀ ಓಣಿಯ ಸುದ್ದಿಯಾಗುತ್ತದೆ. ಸಂತೋಷಪಡಬೇಕಾದ ಸಂಗತಿಯೇ. ಒಡವೆ ಅಡವಿಟ್ಟು, ಸಾಲ ಮಾಡಿ ಓದಿಸಿದ ಹೆತ್ತವರಿಗೆ ಅದು ಅರ್ಹ ಪ್ರತಿಫಲ. ಆದರೆ ಸಂಬಳವೆಷ್ಟು ಎಂದು ಕೇಳುವ ನಾವು, ಆ ಕಟ್ಟಡದೊಳಗೆ ದುಡಿಯುವವರನ್ನು ಅಳೆಯುವ ತಕ್ಕಡಿ ಯಾವುದೆಂದು ಎಂದಾದರೂ ಕೇಳಿದ್ದೇವೆಯೇ?

ಆ ತಕ್ಕಡಿಗೊಂದು ಇತಿಹಾಸವಿದೆ. 1981ರಿಂದ 2001ರ ವರೆಗೆ ಅಮೆರಿಕದ ಜನರಲ್ ಇಲೆಕ್ಟ್ರಿಕ್ ಕಂಪೆನಿಯ ಮುಖ್ಯಸ್ಥರಾಗಿದ್ದ ಜಾಕ್ ವೆಲ್ಚ್ ನೌಕರರನ್ನು ಮೂರು ಪಾಲಾಗಿ ವಿಂಗಡಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಮೇಲಿನ ಶೇ. 20 ಮಂದಿಗೆ ಬಹುಮಾನ, ನಡುವಿನ ಶೇ. 70 ಮಂದಿಗೆ ಮುಂದುವರಿಯಲು ಅವಕಾಶ, ಕೊನೆಯ ಶೇ. 10 ಮಂದಿಗೆ ಹೊರಬಾಗಿಲು. ಮೈಕ್ರೋಸಾಫ್ಟ್ ಕೂಡಾ ಇಂತಹ ಶ್ರೇಣೀಕರಣವನ್ನು ವರ್ಷಗಟ್ಟಲೆ ಅನುಸರಿಸಿ, 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಈ ಪದ್ಧತಿಯ ದೋಷ ಸರಳವಾದುದು. ತಂಡದ ಹತ್ತೂ ಇಂಜಿನಿಯರ್‌ಗಳು ಉತ್ತಮವಾಗಿ ದುಡಿದರೂ ಅವರಲ್ಲೊಬ್ಬರು ಕೊನೆಯವರಾಗಲೇಬೇಕು. ಹೀಗಿರುವಾಗ ಪಕ್ಕದ ಮೇಜಿನವನಿಗೆ ಕೆಲಸ ಕಲಿಸಿಕೊಡುವುದೆಂದರೆ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ. ಸಹೋದ್ಯೋಗಿಯು ಪ್ರತಿಸ್ಪರ್ಧಿಯಾಗುವುದು ಹೀಗೆ.

ಈ ಮನೋಭಾವ ಇಂದಿಗೂ ಅಳಿದಿಲ್ಲ. 2025ರ ಆರಂಭದಲ್ಲಿ ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ, ಸಾಧನೆಯಲ್ಲಿ ಹಿಂದುಳಿದವರೆಂದು ಹೇಳಿ ಸುಮಾರು ಶೇ. 5ರಷ್ಟು ನೌಕರರನ್ನು ಹೊರಗೆ ಕಳುಹಿಸಿತು. ಇನ್ನೊಂದೆಡೆ, ಒಳ್ಳೆಯ ಕೆಲಸಗಾರರಿಗೂ ಭದ್ರತೆಯಿಲ್ಲ. 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ಹುದ್ದೆಗಳನ್ನು ಕಡಿತಗೊಳಿಸುವುದಾಗಿ ಘೋಷಿಸಿದಾಗ ನೀಡಿದ ಕಾರಣ ಆರ್ಥಿಕ ಪರಿಸ್ಥಿತಿಯ ಬದಲಾವಣೆಯೇ ಹೊರತು ನೌಕರರ ತಪ್ಪಲ್ಲ. 2025ರ ಜುಲೈಯಲ್ಲಿ ನಮ್ಮ ದೇಶದ ಟಿಸಿಎಸ್ ಕೂಡಾ ಸುಮಾರು ಶೇ. 2ರಷ್ಟು ನೌಕರರನ್ನು ಕೈಬಿಡುವುದಾಗಿ ಪ್ರಕಟಿಸಿತು. ಅದರ ಹೊಡೆತ ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಹಂತದವರಿಗೆ, ಅಂದರೆ ಮನೆಸಾಲ ಮತ್ತು ಮಕ್ಕಳ ಶಾಲೆಯ ಹೊರೆ ಹೊತ್ತವರಿಗೆ.

ಇಷ್ಟಾದರೂ ಕೆಲಸದ ವೇಳೆಯನ್ನು ಹಿಗ್ಗಿಸುವ ಮಾತೇ ಕೇಳಿಬರುತ್ತಿದೆ. 2024ರ ಜುಲೈಯಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ವಿಸ್ತರಿಸಲು ಅವಕಾಶ ನೀಡುವ ಪ್ರಸ್ತಾಪ ನಮ್ಮ ರಾಜ್ಯ ಸರಕಾರದ ಮುಂದಿತ್ತು. ಅದನ್ನು ಬಹಿರಂಗವಾಗಿ ವಿರೋಧಿಸಿದ್ದು ಐಟಿ ನೌಕರರ ಸಂಘಟನೆ. ತಾನು ಇಂಜಿನಿಯರ್, ತನಗೇಕೆ ಸಂಘಟನೆ ಎಂದುಕೊಳ್ಳುವ ಯುವಕರು ಇದನ್ನು ಗಮನಿಸಬೇಕು.

ಹೆತ್ತವರ ಹೊಣೆಯೂ ಇಲ್ಲಿದೆ. ಮಗನ ಮೊದಲ ಸಂಬಳದ ಬಲದಲ್ಲೇ ಇಪ್ಪತ್ತು ವರ್ಷಗಳ ಸಾಲಕ್ಕೆ ಸಹಿ ಹಾಕಿಸುವುದು, ಆ ಸಂಬಳವನ್ನೇ ಮುಂದಿಟ್ಟು ನಿಕಾಹ್‌ನ ಮಾತುಕತೆ ನಡೆಸುವುದು ಅವನ ಕೊರಳಿಗೆ ಇನ್ನೊಂದು ನೊಗ ಕಟ್ಟಿದಂತೆ. ಕೆಲಸ ಕಳೆದುಕೊಂಡ ಮಗಳು ಮನೆಗೆ ಬಂದಾಗ ನೆಂಟರ ಮುಂದೆ ಅದನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಡಲು ಅವಳು ಮಾಡಿದ ಅಪರಾಧವಾದರೂ ಏನು?

ಕಂಪೆನಿ ತನ್ನ ಲಾಭಕ್ಕಾಗಿ ಪಟ್ಟಿ ತಯಾರಿಸುತ್ತದೆ, ಅದು ಅದರ ಲೆಕ್ಕಾಚಾರ. ಅದೇ ಪಟ್ಟಿಯನ್ನು ತಂದು ಮನೆಯ ಗೋಡೆಗೆ ನೇತುಹಾಕುವ ಅಗತ್ಯ ನಮಗಿಲ್ಲ. ಮುಂದಿನ ಬಾರಿ ಮಕ್ಕಳು ಫೋನ್ ಮಾಡಿದಾಗ ಇನ್‌ಕ್ರಿಮೆಂಟ್ ಎಷ್ಟಾಯಿತೆಂದು ಕೇಳುವ ಮೊದಲು, ರಾತ್ರಿ ಸರಿಯಾಗಿ ನಿದ್ದೆ ಬರುತ್ತಿದೆಯೇ ಎಂದು ಕೇಳೋಣ.