ವಿದ್ಯೆಯಲ್ಲಿ ಪಂಕ್ತಿಭೇದ ಸಲ್ಲದು

ಹತ್ತನೆಯ ತರಗತಿ ಮುಗಿದೊಡನೆ ಕಲೆಯವರು ಒಂದು ಪಂಕ್ತಿ, ವಿಜ್ಞಾನದವರು ಇನ್ನೊಂದು ಪಂಕ್ತಿ ಎಂದು ವಿದ್ಯಾರ್ಥಿಗಳನ್ನು ಬೇರೆಬೇರೆಯಾಗಿ ಕೂರಿಸುವ ವಾಡಿಕೆ ನಮ್ಮಲ್ಲಿ ಬೇರೂರಿದೆ. ಈ ಪಂಕ್ತಿಭೇದವನ್ನು ನಾವು ಒಪ್ಪಲಾರೆವು.

ಮೃದಂಗವನ್ನೇ ನೋಡೋಣ. ಬರಿಯ ಚರ್ಮವನ್ನು ಬಿಗಿದು ಬಾರಿಸಿದರೆ ಹೊರಡುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಬಲಮುಖದ ನಡುವೆ ಕರಿಯ ಲೇಪವನ್ನು ಪದರಪದರವಾಗಿ ಮೆತ್ತಿದರೆ, ಅವೇ ಸ್ವರಗಳು ತಂತಿವಾದ್ಯದಲ್ಲಿರುವಂತೆ ಒಂದು, ಎರಡು, ಮೂರು ಎಂಬ ಪ್ರಮಾಣಕ್ಕೆ ಬಂದು ನಾದವಾಗುತ್ತವೆ. ಇದರ ಕಾರಣವನ್ನು ಸರ್ ಸಿ. ವಿ. ರಾಮನ್ನರು ಸಹೋದ್ಯೋಗಿಯೊಬ್ಬರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಿಳಿಸಿದರು. 1934ರಲ್ಲಿ, ಬೆಂಗಳೂರಿನಲ್ಲಿದ್ದಾಗ, ವಿಸ್ತಾರವಾಗಿ ಬರೆದರು. ವಾದ್ಯದ ಮುಖದ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ ಬಾರಿಸಿದರೆ, ಚರ್ಮ ಕಂಪಿಸದ ಗೆರೆಗಳಲ್ಲಿ ಮರಳು ನಿಂತು ನಾದದ ಚಿತ್ರವನ್ನೇ ಬರೆಯುತ್ತದೆ.

ರಾಮನ್ನರು 1907ರಿಂದ 1917ರವರೆಗೆ ಸರಕಾರದ ಹಣಕಾಸು ಇಲಾಖೆಯಲ್ಲಿ ದುಡಿದವರು. ಕಲಕತ್ತೆಯಲ್ಲಿದ್ದಾಗ ಕಚೇರಿಯ ಹೊತ್ತಿನಾಚೆ ಪ್ರಯೋಗ ನಡೆಸಿದವರು. ಲೆಕ್ಕದ ಪುಸ್ತಕದೊಡನೆ ದಿನ ಕಳೆಯುವ ನಮ್ಮ ಗುಮಾಸ್ತ ಬಂಧುಗಳು ಇದನ್ನು ಮನಗಾಣಬೇಕು.

ಆದರೆ ಮೊದಲ ಮಣೆ ವಾದ್ಯ ಕಟ್ಟಿದ ಕುಶಲಕರ್ಮಿಗೇ ಸಲ್ಲತಕ್ಕದ್ದು. ಅವನು ಕಿವಿಯಿಂದ ಕಂಡುಕೊಂಡದ್ದನ್ನೇ ವಿಜ್ಞಾನವು ಲೆಕ್ಕದಿಂದ ಕಂಡಿತು.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದುವ ಹುಡುಗನಿಗೆ ಯಕ್ಷಗಾನದ ಮದ್ದಳೆಯ ಸದ್ದು ಹುಟ್ಟಿನಿಂದ ಪರಿಚಿತ. ಗುರುಗಳು ಆ ಮದ್ದಳೆಯನ್ನೇ ತರಗತಿಗೆ ತಂದು ಮರಳು ಉದುರಿಸಲಿ. ತಾನು ಬಲ್ಲ ಕಲೆಯೊಳಗೇ ವಿಜ್ಞಾನವಿದೆಯೆಂದು ಹುಡುಗನು ಸ್ವತಃ ಕಂಡುಕೊಂಡರೆ, ಆ ಪಾಠವನ್ನು ಅವನು ಆಜನ್ಮ ಮರೆಯಲಾರನು.