ಮನ್ನಾ ಆದ ಸಾಲ ಯಾರ ಗಳಿಕೆ?

ಕಿರಾಣಿ ಅಂಗಡಿಯವನೊಬ್ಬ ಬ್ಯಾಂಕಿನ ಸಾಲ ಪೂರ್ತಿ ತೀರಿಸಲಾರದೆ ಅರ್ಧಕ್ಕೆ ರಾಜಿ ಮಾಡಿಕೊಂಡರೆ ಅವನ ಗತಿ ಏನು? ಸಾಲದ ದಾಖಲೆಯಲ್ಲಿ ‘ಸೆಟಲ್ಡ್’ ಎಂಬ ಮುದ್ರೆ ಬೀಳುತ್ತದೆ. ಮತ್ತೆ ಸಾಲ ಕೇಳಲು ಹೋದಾಗಲೆಲ್ಲ ಆ ಮುದ್ರೆ ಅಡ್ಡ ಬರುತ್ತದೆ. ಕಂಪನಿಯ ಸಾಲ ಮನ್ನಾ ಆದರೆ? ಮನ್ನಾ ಆದ ಮೊತ್ತ ಲಾಭ-ನಷ್ಟದ ಪಟ್ಟಿಯಲ್ಲಿ ಆದಾಯವಾಗಿ ಜಮೆಯಾಗುತ್ತದೆ! ಚಿಲ್ಲರೆ ವ್ಯಾಪಾರಿಗೆ ಕಳಂಕವಾದದ್ದು ದೊಡ್ಡ ಬಂಡವಾಳಗಾರನಿಗೆ ಗಳಿಕೆಯಾಗುತ್ತದೆ. ಈ ಲೆಕ್ಕದ ಮರ್ಮವನ್ನು ದುಡಿಯುವ ಜನ ತಿಳಿಯಬೇಕೆಂದೇ ನಾವು ಇದನ್ನು ಬರೆಯುತ್ತಿದ್ದೇವೆ.

ಬಂಡವಾಳಶಾಹಿಯ ತವರಾದ ಅಮೆರಿಕವನ್ನೇ ನೋಡೋಣ. 2020ರಲ್ಲಿ ಕೊರೊನಾ ಪಿಡುಗು ಬಂದಾಗ ಅಲ್ಲಿನ ಸರ್ಕಾರ ‘ಪೇಚೆಕ್ ಪ್ರೊಟೆಕ್ಷನ್’ ಎಂಬ, ಅಂದರೆ ಸಂಬಳ ರಕ್ಷಣೆಯ, ಸಾಲ ಯೋಜನೆ ತಂದಿತು. ಹೊರಟ ಹಣ ಸುಮಾರು 80,000 ಕೋಟಿ ಡಾಲರು. ಬಡ್ಡಿ ನೂರಕ್ಕೆ 1. ಹಣದಲ್ಲಿ ನೂರಕ್ಕೆ 60 ಪಾಲನ್ನು ಸಂಬಳಕ್ಕೆ ಖರ್ಚು ಮಾಡಿ, ಉಳಿದ ಷರತ್ತುಗಳನ್ನೂ ಪಾಲಿಸಿದರೆ ಸಾಲವೆಲ್ಲ ಮನ್ನಾ. ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಹಣ ಹಾಗೆಯೇ ಮನ್ನಾ ಆಯಿತು.

ಸಂಬಳದ ಹೆಸರಿನಲ್ಲಿ ಹೊರಟ ಹಣ ಯಾರ ಕೈ ಸೇರಿತು? ಡೇವಿಡ್ ಆಟರ್ ಮೊದಲಾದ ಅರ್ಥಶಾಸ್ತ್ರಜ್ಞರು 2022ರಲ್ಲಿ ಲೆಕ್ಕ ಹಾಕಿದರು. ಯೋಜನೆ ಇಲ್ಲದಿದ್ದರೆ ಕೆಲಸ ಕಳೆದುಕೊಳ್ಳುತ್ತಿದ್ದವರಿಗೆ ತಲುಪಿದ್ದು ನೂರಕ್ಕೆ 23ರಿಂದ 34 ಮಾತ್ರ. ಮಿಕ್ಕದ್ದು ಮಾಲೀಕರು, ಷೇರುದಾರರು, ಅವರಿಗೆ ಸಾಲ-ಸರಕು ಕೊಟ್ಟವರು ಇವರ ಪಾಲಾಯಿತು.

ಈಗ ಕಿರ್ದಿ-ಖತಾವಣಿಗೆ ಬರೋಣ. 2020ರ ಜೂನಿನಲ್ಲಿ ಅಲ್ಲಿನ ಲೆಕ್ಕಿಗರ ಸಂಸ್ಥೆ ಈ ಸಾಲವನ್ನು ಬರೆಯಲು ಒಂದಲ್ಲ, ಹಲವು ದಾರಿ ತೋರಿಸಿತು. ಒಂದು ದಾರಿಯಲ್ಲಿ ಮನ್ನಾ ಆಗುವ ತನಕ ಅದು ಸಾಲ; ಮನ್ನಾ ಆದ ದಿನ ಲಾಭ. ಆ ಲಾಭಕ್ಕಾಗಿ ಒಂದು ಗಜ ಬಟ್ಟೆಯನ್ನೂ ನೆಯ್ದಿಲ್ಲ, ಒಂದು ಮೊಳೆಯನ್ನೂ ಮಾರಿಲ್ಲ! ಇನ್ನೊಂದು ದಾರಿಯಲ್ಲಿ, ಮನ್ನಾ ಆಗುವ ಭರವಸೆ ಇದ್ದರೆ, ಅದನ್ನು ಮೊದಲಿನಿಂದಲೇ ಸರ್ಕಾರದ ಅನುದಾನವೆಂದು ಎಣಿಸಿ ‘ಇತರ ಆದಾಯ’ದಲ್ಲಿ ತೋರಿಸಬಹುದು, ಇಲ್ಲವೆ ಸಂಬಳದ ಖರ್ಚಿನಿಂದಲೇ ವಜಾ ಮಾಡಬಹುದು. ಕೂಲಿಗೆ ನೂರು ಹೋಗಿ, ಬೊಕ್ಕಸದಿಂದ ಅರವತ್ತು ಬಂದರೆ, ಪುಸ್ತಕದಲ್ಲಿ ಕಾಣುವ ಕೂಲಿ ನಲವತ್ತು! ಒಂದೇ ಸಾಲ ಪಡೆದ ಎರಡು ಕಂಪನಿಗಳ ಲೆಕ್ಕ ಎರಡು ಬಗೆಯಾಗುತ್ತದೆ.

ತೆರಿಗೆಯ ಕಥೆ ಇದಕ್ಕಿಂತ ಸೊಗಸು. ಮನ್ನಾ ಆದ ಹಣಕ್ಕೆ ಕೇಂದ್ರ ಆದಾಯ ತೆರಿಗೆ ಇಲ್ಲ. 2020ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು, ಆ ಹಣದಿಂದ ಕೊಟ್ಟ ಸಂಬಳವನ್ನೂ ಖರ್ಚೆಂದು ತೆರಿಗೆಯಲ್ಲಿ ಕಳೆಯಬಹುದೆಂದು ಕಾಯಿದೆ ಮಾಡಿತು. ಕೊಟ್ಟವರು ಪ್ರಜೆಗಳು, ಖರ್ಚು ತೋರಿಸಿದವರು ಮಾಲೀಕರು.

“ಸಾಲ ಹೋದರೆ ಅದು ಲಾಭವಲ್ಲವೆ? ವಿವರ ಟಿಪ್ಪಣಿಯಲ್ಲಿ ಇದೆಯಲ್ಲ?” ಎಂದು ಆಡಿಟರರು ಕೇಳುತ್ತಾರೆ. ಸಾಲ ತೀರಿದ್ದನ್ನು ಬರೆಯಬೇಡಿ ಎಂದು ನಾವು ಹೇಳುತ್ತಿಲ್ಲ. ಜನರು ಕೊಟ್ಟದ್ದಕ್ಕೆ ಜನರ ಹೆಸರಿರಲಿ ಎನ್ನುತ್ತೇವೆ. ಬಯಲು ಮಾಡಿದರೆ ಫಲ ಉಂಟು: ‘ಶೇಕ್ ಶ್ಯಾಕ್’ ಎಂಬ ಹೋಟೆಲ್ ಕಂಪನಿ 1 ಕೋಟಿ ಡಾಲರ್ ಪಡೆದದ್ದು ತಿಳಿದು ಕೂಗೆದ್ದಾಗ, 2020ರ ಏಪ್ರಿಲಿನಲ್ಲಿಯೇ ಹಣ ಹಿಂದಿರುಗಿಸಿತು. ಸಾಲ ಪಡೆದವರೆಲ್ಲರ ಹೆಸರು ಪೂರ್ತಿ ಹೊರಬರಲು ಮಾತ್ರ ಕೋರ್ಟಿನ ಆಜ್ಞೆಯೇ ಬೇಕಾಯಿತು.

ಇದು ದೂರದ ಮಾತೆಂದು ಸುಮ್ಮನಿರಬೇಡಿ. ಅನುದಾನವನ್ನು ‘ಇತರ ಆದಾಯ’ವೆಂದು ತೋರಿಸುವ, ಇಲ್ಲವೆ ಖರ್ಚಿನಿಂದ ವಜಾ ಮಾಡುವ ಅದೇ ಸೌಕರ್ಯ ನಮ್ಮ ದೇಶದ ಲೆಕ್ಕದ ನಿಯಮದಲ್ಲೂ ಇದೆ. ನಮ್ಮ ಬ್ಯಾಂಕುಗಳು 2014-15ರಿಂದ ಒಂಬತ್ತು ವರ್ಷದಲ್ಲಿ ಪುಸ್ತಕದಿಂದ ತೆಗೆದ ಸಾಲ 14.56 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ದೊಡ್ಡ ಉದ್ದಿಮೆ ಮತ್ತು ಸೇವಾ ಸಂಸ್ಥೆಗಳದ್ದೇ 7.40 ಲಕ್ಷ ಕೋಟಿ. ಪುಸ್ತಕದಿಂದ ತೆಗೆದರೆ ಮನ್ನಾ ಆದಂತಲ್ಲ, ವಸೂಲಿ ನಡೆದೇ ಇರುತ್ತದೆ ಎನ್ನುತ್ತದೆ ಸರ್ಕಾರ. ಒಪ್ಪೋಣ. ಆದರೆ 2023ರ ಮಾರ್ಚ್‌ವರೆಗೆ ಇಂಥ ಸಾಲಗಳಿಂದ ವಸೂಲಾದದ್ದು 2.04 ಲಕ್ಷ ಕೋಟಿ ಎಂದು ಪಾರ್ಲಿಮೆಂಟಿಗೆ ಹೇಳಿದ್ದೂ ಅದೇ ಸರ್ಕಾರ!

ನಮ್ಮ ಬೇಡಿಕೆ ಮೂರು. ಬೊಕ್ಕಸದಿಂದಾಗಲಿ ಬ್ಯಾಂಕಿನಿಂದಾಗಲಿ ಮನ್ನಾ ಆದ ಮೊತ್ತವನ್ನು ಲಾಭ-ನಷ್ಟದ ಪಟ್ಟಿಯಲ್ಲಿ ಬೇರೆ ಸಾಲಿನಲ್ಲಿ, ಬೇರೆ ಹೆಸರಿನಲ್ಲಿ ತೋರಿಸಬೇಕು. ಕೂಲಿಯ ಲೆಕ್ಕದಲ್ಲಿ ಅಡಗಿಸಕೂಡದು. ಆ ಹಣದಿಂದ ಎಷ್ಟು ಜನರ ಕೆಲಸ ಉಳಿಯಿತೆಂದು ಅದರ ಪಕ್ಕದಲ್ಲೇ ಬರೆಯಬೇಕು. ಮನ್ನಾದಿಂದ ಹುಟ್ಟಿದ ಲಾಭವನ್ನು ಷೇರುದಾರರಿಗೆ ಹಂಚಕೂಡದು.

ಗಿರಣಿ ಕಾರ್ಮಿಕ ಬಂಧುಗಳೇ, ಕೂಲಿ ಹೆಚ್ಚಿಸಿ ಎಂದಾಗ ಮಾಲೀಕರು ನಿಮ್ಮ ಮುಂದೆ ಹಿಡಿಯುವುದು ಇದೇ ಲೆಕ್ಕಪುಸ್ತಕವನ್ನು. ಅದರಲ್ಲಿ ‘ಇತರ ಆದಾಯ’ ಎಂಬ ಸಾಲಿನ ಮೇಲೆ ಬೆರಳಿಟ್ಟು ಕೇಳಿ: ಇದು ಯಾರ ಹಣ?